ಒಲಿಂಪಿಯಾದಲ್ಲಿ ಕೆನ್ನೆಗೆ ಕೈ ಕೊಟ್ಟು ನಿಂತ ಹೆರಾಕ್ಲಿಸ್

ಅಥೆನ್ಸಿಂದ ಬೆಳಿಗ್ಗೆ ಬಸ್ ಹತ್ತಿ, ಪಿರ್ಗೋಸಲ್ಲಿ ಇಳಿದು ಇನ್ನೊಂದು ಬಸ್ ಹಿಡಿದು ಒಲಿಂಪಿಯಾ ಮುಟ್ಟೋ ಹೊತ್ತಿಗೆ ಮಧ್ಯಾಹ್ನ ಆಗೋಗಿತ್ತು, ಜುಲೈ ಬಿಸಿಲು ಬೇರೆ, ಪೈನ್ ಮರದ ತುಂಬ ಜೀರುಂಡೆ ಗಲಾಟೆ. ಗ್ರೀಕ್ ದೇವರುಗಳ ರಾಜ ಜೀಯಸ್ ದೇವಸ್ಥಾನ ಅಂತ ಉಳಿದಿರೋದು ಬುಡ ಮಾತ್ರ. ಭೂಕಂಪಕ್ಕೆ ಬಿದ್ದ ಕಂಬಗಳು ಸೌತೆಕಾಯಿ ಹೆಚ್ಚಿಟ್ಟ ಹಾಗೆ ಬಿಲ್ಲೆ ಬಿಲ್ಲೆಯಾಗಿ ಮಲಗಿವೆ, ಒಂದೇ ಒಂದನ್ನ 2004ರಲ್ಲಿ ಎತ್ತಿ ನಿಲ್ಲಿಸಿದಾರೆ.

ನಾನು ಬಂದಿದ್ದು ಮಾತ್ರ ಮ್ಯೂಸಿಯಂಗೆ. ದೇವಸ್ಥಾನದ ಮುಂದೆ ಆರು ಹಿಂದೆ ಆರು ಅಂತ ಇದ್ದ ಹನ್ನೆರಡು ಕಲ್ಲಿನ ಫಲಕ, ಒಂದೊಂದರಲ್ಲೂ ಗ್ರೀಕ್ ಪುರಾಣದ ವೀರ ಹೆರಾಕ್ಲಿಸ್ (ಹರ್ಕ್ಯುಲಿಸ್ ಅಂತೀವಲ್ಲ, ಅವನೇ) ಮಾಡಿದ ಒಂದೊಂದು ಸಾಹಸ, ಕ್ರಿ.ಪೂ. 460ರ ಆಸುಪಾಸಿನವು. ಕೆಲವು ತುಂಡುಗಳನ್ನ 1829ರಲ್ಲಿ ಫ್ರೆಂಚರು ಅಗೆದು ಪ್ಯಾರಿಸ್ಸಿಗೆ ಹೊತ್ಕೊಂಡು ಹೋದ್ರು, ಅದೊಂದು ಹೊಟ್ಟೆಉರಿ.

ಮೊದಲನೇದು ನೆಮಿಯಾದ ಸಿಂಹ. ಸಿಂಹ ಸತ್ತು ಬಿದ್ದಿದೆ, ಅದರ ಮೇಲೆ ಕಾಲಿಟ್ಟು, ಮೊಣಕೈ ತೊಡೆಗೆ ಊರಿ, ಕೆನ್ನೆಗೆ ಕೈ ಕೊಟ್ಟು ತಲೆ ಬಗ್ಗಿಸಿ ನಿಂತಿದಾನೆ, ಇನ್ನೂ ಮೀಸೆ ಗಡ್ಡ ಬಂದಿಲ್ಲದ ಹುಡುಗ. ಜೊತೆಗೆ ಬಂದಿದ್ದ ಅಕ್ಕನ ಮಗ, "ಮಾವ, ಗೆದ್ದೋನ ಮುಖ ಹಿಂಗಾ ಇರೋದು?" ಅಂದ.

ಅವನಿಗೆ ಕಥೆ ಹೇಳ್ಬೇಕಾಯ್ತು. ಜೀಯಸ್ ಹೆಂಡತಿ ಹೀರಾ ದೇವಿ ಹುಚ್ಚು ಹಿಡಿಸಿದಾಗ ಹೆರಾಕ್ಲಿಸ್ ಹೆತ್ತ ಮಕ್ಕಳನ್ನೇ ಕೊಂದ್ಬಿಟ್ಟ, ಆ ಪಾಪ ತೊಳ್ಕೊಳ್ಳೋಕೆ ಯೂರಿಸ್ತಿಯಸ್ ಅನ್ನೋ ಪುಕ್ಕಲು ರಾಜನ ಹತ್ರ ಆಳಾಗಿ ದುಡಿದಿದ್ದೇ ಈ ಹನ್ನೆರಡು. ಹಳೇ ಗ್ರೀಕ್ ನಾಟಕಕಾರ ಯೂರಿಪಿಡಿಸ್ ಬರೆದ ನಾಟಕದಲ್ಲಿ ಇದು ಉಲ್ಟಾ, ಎಲ್ಲಾ ಗೆದ್ದು ಮನೆಗೆ ಬಂದ ಮೇಲೆ ಹುಚ್ಚು ಬರುತ್ತೆ, ಎಚ್ಚರ ಆದಾಗ ಸಾಯ್ತೀನಿ ಅಂತ ಕೂತೋನನ್ನ ಗೆಳೆಯ ಥೀಸಿಯಸ್ ಸಮಾಧಾನ ಮಾಡಿ ಅಥೆನ್ಸಿಗೆ ಕರ್ಕೊಂಡು ಹೋಗ್ತಾನೆ. ನನಗೆ ಇದೇ ಜಾಸ್ತಿ ಹಿಡಿಸೋದು. ಸಿಂಹನಾದ್ರೆ ಕುತ್ತಿಗೆ ಹಿಸುಕಬಹುದು, ಈ ಸಂಕಟಾನ ಎಲ್ಲಿ ಹಿಡೀತೀಯ? ಹನ್ನೆರಡು ಫಲಕದಲ್ಲಿ ಆ ಸತ್ತ ಮಕ್ಕಳಿಗೆ ಅಂತ ಒಂದೂ ಇಲ್ಲ.

ಹೆರಾಕ್ಲಿಸ್ ಆಕಾಶ ಹೊತ್ತು ನಿಂತಿರೋ ಫಲಕ ಇನ್ನೂ ಚೆನ್ನಾಗಿದೆ. ಹೆಗಲ ಮೇಲೆ ಮಡಚಿದ ದಿಂಬು (ನಮ್ಮ ಹಮಾಲರು ಸಿಂಬಿ ಇಟ್ಕೊಳ್ಳಲ್ವಾ, ಹಂಗೆ), ಎರಡೂ ಕೈ ಮೇಲೆತ್ತಿ ಒದ್ದಾಡ್ತಿದಾನೆ, ಹಿಂದೆ ಅಥೀನಾ ದೇವಿ ಒಂದೇ ಕೈ ಆರಾಮಾಗಿ ಆನಿಸಿದಾಳೆ. ಇಲ್ಲಿ ಗಡ್ಡ ಬಂದಿದೆ.

ಹೊರಡೋ ಮುಂಚೆ ಮತ್ತೆ ಮೊದಲನೇ ಫಲಕದ ಹತ್ರ ಹೋದೆ. ಹುಡುಗ ಬಸ್ ಹೋಗುತ್ತೆ ಮಾವ ಅಂತ ಬ್ಯಾಗ್ ಎಳೀತಿದ್ದ, ಎರಡು ನಿಮಿಷ ಇರೋ ಅಂದೆ.