ಬಳ್ಳಾರಿಯಲ್ಲಿ ಕೂತು ಹಳೇ ಸೈಕಲ್ ಯಾರಿಗೆ ಮಾರ್ತೀರಿ?

ಮದುವೆ ಊಟದ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ, ಎಲ್ಲಿ ಹೋದರೂ ನನಗೆ ಇದೇ ಪ್ರಶ್ನೆ. "ಅಲ್ಲಣ್ಣ, ಬಳ್ಳಾರಿಯಲ್ಲಿ ಕೂತು ಆನ್‌ಲೈನ್‌ನಲ್ಲಿ ಹಳೇ ಸೈಕಲ್ ಮಾರ್ತೀರಂತೆ. ಈ ಬಿಸಿಲಲ್ಲಿ ಸೈಕಲ್ ತುಳಿಯೋರು ಯಾರು? ಗಿರಾಕಿ ಎಲ್ಲಿ ಸಿಗ್ತಾರೆ?"

ಗಿರಾಕಿ ಸಿಗ್ತಾರೆ. ಒಳ್ಳೆಯ ಗೇರ್ ಸೈಕಲ್ಲಿಗೆ ನ್ಯಾಯವಾದ ಬೆಲೆ ಹಾಕಿದರೆ ಹುಬ್ಬಳ್ಳಿಯಿಂದಲೋ, ಬೆಂಗಳೂರಿನಿಂದಲೋ, ಅನಂತಪುರದಿಂದಲೋ ಫೋನ್ ಬಂದೇ ಬರುತ್ತೆ. ನನ್ನ ತಲೆನೋವು ಬೇರೆ. ಮಾರಲು ಯೋಗ್ಯವಾದ ಸೈಕಲ್ ಸಿಗಬೇಕಲ್ಲ! ಈ ವ್ಯಾಪಾರದ ಮುಕ್ಕಾಲು ಪಾಲು ಕೆಲಸ ಕೊಳ್ಳುವುದರಲ್ಲೇ ಇದೆ. ಅದರಲ್ಲೂ, ಯಾವುದನ್ನು ಬೇಡ ಅನ್ನಬೇಕು ಅಂತ ತಿಳಿಯುವುದರಲ್ಲಿ.

ಕೊಳ್ಳೋಕೆ ಬಳ್ಳಾರಿ ಒಳ್ಳೇ ಜಾಗ. ಹತ್ತಿರದಲ್ಲೇ ತೋರಣಗಲ್ಲು. ಅಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಗೆ ದೇಶದ ನಾನಾ ಕಡೆಯಿಂದ ಜನ ಬಂದಿದ್ದಾರೆ. 2020ರ ಲಾಕ್‌ಡೌನ್ ಆದಮೇಲೆ ಎಲ್ಲ ಕಡೆಯಂತೆ ಇಲ್ಲೂ ಸೈಕಲ್ ಹುಚ್ಚು ಹಿಡಿಯಿತು. ಇಪ್ಪತ್ತು, ಮೂವತ್ತು ಸಾವಿರ ಕೊಟ್ಟು ತಂದರು. ಚಳಿಗಾಲ ಪೂರ್ತಿ ತುಳಿದರು. ಮಾರ್ಚ್ ಬಂತು, ಸೈಕಲ್ ಬಾಲ್ಕನಿ ಸೇರಿತು, ಅದರ ಮೇಲೆ ಒದ್ದೆ ಟವೆಲ್ ಬಂತು. ಒಂದು ದಿನ ಆ ಮನೆಯವರಿಗೆ ವರ್ಗ ಆಗುತ್ತೆ, ಇಲ್ಲವೇ ಬೇರೆ ಊರಲ್ಲಿ ಕೆಲಸ ಸಿಗುತ್ತೆ. ಸಾಮಾನಿನ ಲಾರಿ ನಾಳೆ ಬರುತ್ತೆ ಅನ್ನುವಾಗ ಸೈಕಲ್ ನೆನಪಾಗುತ್ತೆ. ನನ್ನ ಒಳ್ಳೆಯ ಮಾಲೆಲ್ಲ ಇಂಥ ಮನೆಗಳದ್ದೇ.

ಬೇಡ ಅನ್ನುವ ಪಟ್ಟಿ ಉದ್ದ ಇದೆ. ಹಂಪಿ, ಆನೆಗೊಂದಿ ಕಡೆ ಪ್ರವಾಸಿಗರಿಗೆ ಬಾಡಿಗೆಗೆ ಓಡಿದ ಸೈಕಲ್ ಬೇಡ. ಮೇಲೆ ಎಷ್ಟೇ ಬಣ್ಣ ಹೊಡೆದಿರಲಿ, ಒಳಗಿನ ಬೇರಿಂಗ್ ಮುಗಿದಿರುತ್ತೆ. 2006-07ರಲ್ಲಿ ಶುರುವಾದ ಯೋಜನೆಯಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಟ್ಟ ಸೈಕಲ್ ಯಾರಾದರೂ ತಂದರೆ ವಾಪಸ್ ಕಳಿಸ್ತೀನಿ. ಅದು ಮನೆಯ ಇನ್ನೊಂದು ಮಗುವಿಗೆ ಆಗಲಿ. "ಅಜ್ಜನ ಅಟ್ಲಾಸ್ ಇದೆ, ಕಂಪನಿನೇ ಮುಚ್ಚಿದೆ, ಆ್ಯಂಟಿಕ್ ಬೆಲೆ ಕೊಡಿ" ಅನ್ನೋರು ವಾರಕ್ಕೊಬ್ಬರಾದರೂ ಇರ್ತಾರೆ. ಅಟ್ಲಾಸ್‌ನ ಸಾಹಿಬಾಬಾದ್ ಕಾರ್ಖಾನೆ 2020ರಲ್ಲಿ ನಿಂತದ್ದು ನಿಜ. ಆದರೆ ಅಂಥ ಸೈಕಲ್ಲು ಈಗಲೂ ಊರೂರಲ್ಲಿ ಹಾಲಿನ ಕ್ಯಾನ್ ಹೊತ್ತು ಓಡಾಡ್ತಿವೆ, ಆ್ಯಂಟಿಕ್ ಹೇಗಾಗುತ್ತೆ?

ಬಳಸಿದ ಹೆಲ್ಮೆಟ್ಟನ್ನಂತೂ ಮುಟ್ಟಲ್ಲ. ಒಮ್ಮೆ ಬಿದ್ದರೆ ಅದರೊಳಗಿನ ಥರ್ಮೊಕೋಲ್ ಥರದ ಪದರ ಅಲ್ಲೇ ಕುಸಿದಿರುತ್ತೆ, ಹೊರಗೆ ಗೊತ್ತೇ ಆಗಲ್ಲ. ಬಿಟ್ಟಿ ಕೊಟ್ಟರೂ ಬೇಡ.

ಸೈಕಲ್ ನೋಡಲು ಹೋದಾಗ ಮೊದಲು ಅದನ್ನು ತಲೆಕೆಳಗೆ ನಿಲ್ಲಿಸ್ತೀನಿ. ಸಾಮಾನ್ಯವಾಗಿ ಪೆಡಲಿನ ಅಚ್ಚು ಹಾದುಹೋಗುವ ಕೊಳವೆಯ ಅಡಿಯಲ್ಲಿ ಫ್ರೇಮ್ ನಂಬರ್ ಇರುತ್ತೆ. ಅದರ ಫೋಟೋ, ಹಳೇ ಬಿಲ್ಲು, ಮಾರುವವರ ಗುರುತಿನ ಚೀಟಿಯ ನಕಲು, ಈ ಮೂರೂ ಇಲ್ಲದೆ ದುಡ್ಡು ಕೈ ಬದಲಾಗಲ್ಲ. ಕದ್ದ ಮಾಲು ಅಂತ ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು. "ನಮ್ಮನ್ನ ನಂಬಲ್ವಾ?" ಅಂತ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಆಮೇಲೆ ಹ್ಯಾಂಡಲ್ ಕೆಳಗೆ ಕೊಳವೆಗಳು ಕೂಡುವ ವೆಲ್ಡಿಂಗ್ ಜಾಗದಲ್ಲಿ ಉಗುರು ಆಡಿಸ್ತೀನಿ. ಕೂದಲೆಳೆಯಷ್ಟು ಬಿರುಕಿದ್ದರೂ ನಮಸ್ಕಾರ ಹೇಳಿ ಎದ್ದು ಬರೋದೇ. ಮುಂದೆ ಚೈನು. ಜೇಬಲ್ಲಿ ಸ್ಟೀಲ್ ಸ್ಕೇಲ್ ಇರುತ್ತೆ. ಚೈನಿನ ಒಂದು ಪಿನ್ನಿನಿಂದ ಮುಂದಿನದಕ್ಕೆ ಅರ್ಧ ಇಂಚು, ಅಂದರೆ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. 1/16 ಇಂಚು ಜಾಸ್ತಿ ಬಂದರೆ ಚೈನ್ ಬದಲಿಸಬೇಕು. 1/8 ಇಂಚು ಬಂದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿವೆ ಅಂತ ಅರ್ಥ. ನಮ್ಮ ಕಡೆ ಇದು ಬೇಗ ಆಗುತ್ತೆ. ಸಂಡೂರು ರಸ್ತೆಯ ಅದಿರಿನ ಕೆಂಪು ದೂಳು ಚೈನಿನ ಎಣ್ಣೆಯಲ್ಲಿ ಕಲೆತು ಸಾಣೆಕಲ್ಲಿನ ಹಾಗೆ ಉಜ್ಜುತ್ತೆ. ಚಕ್ರ ಎತ್ತಿ ತಿರುಗಿಸಿ, ಫ್ರೇಮಿನ ಮೇಲೆ ಕೈ ಇಟ್ಟರೆ ಬೇರಿಂಗಿನ ಗರಗರ ಬೆರಳಿಗೇ ತಿಳಿಯುತ್ತೆ. ಟ್ಯೂಬಿನಲ್ಲಿ ನಾಲ್ಕೈದು ಪ್ಯಾಚ್ ಇರೋದು ಲೆಕ್ಕಕ್ಕಿಲ್ಲ. ಬಳ್ಳಾರಿ ಜಾಲಿ ಮುಳ್ಳು ಯಾರನ್ನು ಬಿಟ್ಟಿದೆ?

ಇನ್ನು ದುಡ್ಡು. ಹೊಸದಕ್ಕೆ 22,000 ಇರುವ ಸೈಕಲ್ಲನ್ನು 7,000ಕ್ಕೆ ಕೊಂಡೆ ಅನ್ನಿ. ಚೈನು, ಕೇಬಲ್ಲು, ಬ್ರೇಕ್ ಪ್ಯಾಡಿಗೆ 1,800. ರಟ್ಟಿನ ಪೆಟ್ಟಿಗೆ, ಬಸ್ ಪಾರ್ಸಲ್ಲಿಗೆ 900. 11,500ಕ್ಕೆ ಹೋದರೆ ಉಳಿಯೋದು 1,800. ಕೊಳ್ಳುವಾಗ ಎರಡು ಸಾವಿರ ಜಾಸ್ತಿ ಕೊಟ್ಟಿದ್ದರೆ? ಅಷ್ಟೇ, ಎರಡು ದಿನ ಪುಕ್ಕಟೆ ಚಾಕರಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಹೊಸದು ಅಗ್ಗ ಆದರೆ ಹಳೇದೂ ಇಳಿಯಬೇಕು ಅಲ್ವಾ? ಇದನ್ನು ಮಾರುವವರಿಗೆ ಒಪ್ಪಿಸೋದೇ ಈಗ ದೊಡ್ಡ ಕೆಲಸ.

ನಿಜ ಹೇಳಬೇಕೆಂದರೆ ನನ್ನನ್ನು ಸಾಕ್ತಿರೋದು ಬಿಡಿಭಾಗ. ಗೇರ್ ಬದಲಿಸುವ ಡಿರೇಲರ್, ಸೀಟು, ಲೈಟು, ಪಂಪು, ಪೆಡಲಿಗೆ ಸಿಕ್ಕಿಸುವ ಕ್ಲಿಪ್ ಇರುವ ಶೂ. ಸಣ್ಣ ಡಬ್ಬಿಯಲ್ಲಿ ಕೊರಿಯರ್‌ಗೆ ಹಾಕಿದರೆ ಮುಗೀತು. ಫ್ರೇಮ್ ಬಿರುಕು ಬಿಟ್ಟ ಸೈಕಲ್ಲನ್ನು ಸೈಕಲ್ ಅಂತ ಕೊಳ್ಳಲ್ಲ. ಬಿಡಿಭಾಗಕ್ಕೆ ಅಂತ ಕಡಿಮೆಗೆ ಸಿಕ್ಕರೆ ಬಿಡೋದೂ ಇಲ್ಲ.

ಮಾರುವಾಗ ಗೀರುಗಳ ಫೋಟೋ ಮೊದಲು ಹಾಕ್ತೀನಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಪೆಟ್ಟಿಗೆ ಕಟ್ಟೋಕೆ ಎರಡು ಸಂಗತಿ ಗೊತ್ತಿರಲಿ. ಎಡಗಡೆ ಪೆಡಲಿನ ತಿರುಪು ಉಲ್ಟಾ, ಪ್ರದಕ್ಷಿಣೆ ತಿರುಗಿಸಿದರೆ ಬಿಚ್ಚುತ್ತೆ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ತೆಗೆದ ಮೇಲೆ ಪ್ಯಾಡ್‌ಗಳ ನಡುವೆ ದಪ್ಪ ರಟ್ಟು ತುರುಕಿ. ಇಲ್ಲದಿದ್ದರೆ ದಾರಿಯಲ್ಲಿ ಲಿವರ್ ಒತ್ತಿ ಪ್ಯಾಡ್ ಅಂಟಿಕೊಳ್ಳುತ್ತೆ, ಗಿರಾಕಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಬೈತಾನೆ.

"ಮಿಲಿಟರಿಯಲ್ಲಿದ್ದೀನಿ, ಕ್ಯೂಆರ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ ದುಡ್ಡು ತಗೊಳ್ಳಿ" ಅನ್ನೋ ಫೋನು ನಿಮಗೂ ಬರುತ್ತೆ. ಅದು ಮೋಸ. ದುಡ್ಡು ಬರೋಕೆ ಯುಪಿಐ ಪಿನ್ ಹಾಕೋ ಅಗತ್ಯ ಯಾವತ್ತೂ ಇಲ್ಲ.

ತೆರಿಗೆ ಬಗ್ಗೆ ಒಂದು ಮಾತು. ಗುಂತಕಲ್ಲು ನಮಗೆ ಪಕ್ಕದೂರು, ಆದರೆ ಕಾಗದದಲ್ಲಿ ಬೇರೆ ರಾಜ್ಯ. ಹೊರರಾಜ್ಯಕ್ಕೆ ಮಾಲು ಮಾರುವ ವ್ಯಾಪಾರಿಗೆ ವಹಿವಾಟು ಎಷ್ಟೇ ಸಣ್ಣದಿರಲಿ ಜಿಎಸ್‌ಟಿ ನೋಂದಣಿ ಬೇಕು. ಸಮಾಧಾನ ಏನಂದರೆ, ಕೊಳ್ಳುವಾಗ ಕಟ್ಟಿದ ತೆರಿಗೆಯ (ಹೂಡುವಳಿ ತೆರಿಗೆ) ವಾಪಸಾತಿ ಕೇಳದ ಹಳೇ ಮಾಲಿಗೆ ಕೊಂಡ ಬೆಲೆ, ಮಾರಿದ ಬೆಲೆಯ ನಡುವಿನ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ.

ಶುರು ಮಾಡೋದಿದ್ದರೆ ಏಪ್ರಿಲ್, ಮೇನಲ್ಲಿ ಕೊಳ್ಳಿ. ಶಾಲೆ ಮುಗಿದು ಜನ ಊರು ಬಿಡುವ ಕಾಲ ಅದು. ಮಾರೋಕೆ ಮಳೆ ನಿಲ್ಲಲಿ. ಅಲ್ಲಿವರೆಗೆ ಇಡೋಕೆ ನೆರಳಿರುವ ಕೋಣೆ ನೋಡ್ಕೊಳ್ಳಿ, ತಗಡಿನ ಶೆಡ್ ಬೇಡ. ನಮ್ಮ ಮೇ ತಿಂಗಳ ಕಾವಿಗೆ ಟೈರು ಬಿರುಕು ಬಿಡುತ್ತೆ.