ಅಮೋನಿಯಾ ಸೆನ್ಸರ್ ಪ್ರಾಜೆಕ್ಟ್: ಎರಡನೇ ವೇಫರ್ ಸರಿಯಾಗಿ ಬಂತು

ಹೋದ ಸಲ ಬರೆದಾಗ ಮಾಸ್ಕ್ (ಬೆಳಕು ಹಾಯಿಸಿ ಆಕಾರ ಮೂಡಿಸುವ ಪಡಿಯಚ್ಚು) ಡಿಸೈನ್ ಮುಗಿದಿತ್ತು, ಬೆಂಗಳೂರಿನ ಲ್ಯಾಬಿನ ಸ್ಲಾಟ್‌ಗೆ ಕಾಯುತ್ತಿದ್ದೆ. ಈಗ ಮೂರು ವಾರ ಬೆಂಗಳೂರಿನಲ್ಲಿದ್ದು ದಾವಣಗೆರೆಗೆ ವಾಪಸ್ ಬಂದಿದ್ದೇನೆ. ಒಂದು ವೇಫರ್ (ಚಿಪ್ ಮಾಡುವ ಸಿಲಿಕಾನ್ ಬಿಲ್ಲೆ) ಹಾಳಾಯಿತು, ಒಂದು ಚೆನ್ನಾಗಿ ಬಂತು. ಹಾಳಾದದ್ದರ ಕಥೆಯೇ ಸ್ವಲ್ಪ ಉದ್ದ.

ಹೊಸದಾಗಿ ಓದುವವರಿಗೆ ಎರಡು ಮಾತು. ನಮ್ಮ ಮಾವನದು ಕೋಳಿ ಫಾರಂ ಇದೆ. ಮಳೆಗಾಲದಲ್ಲಿ ಹೊಟ್ಟಿನ ಹಾಸು ಒದ್ದೆಯಾದರೆ ಶೆಡ್ಡಿಗೆ ಕಾಲಿಟ್ಟ ಕೂಡಲೇ ಕಣ್ಣು ಉರಿಯುತ್ತದೆ. ಅದು ಅಮೋನಿಯಾ. 25 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 25 ಪಾಲು) ದಾಟದ ಹಾಗೆ ನೋಡಿಕೊಳ್ಳಿ ಅಂತ ಹೇಳುತ್ತಾರೆ, ಆದರೆ ಮೂಗಿನಿಂದ ಪಿಪಿಎಂ ಅಳೆಯೋಕಾಗಲ್ಲ ಅಲ್ವಾ? ದಿನಾ ಒಳಗೇ ಕೆಲಸ ಮಾಡುವವರ ಮೂಗಿಗೆ ಆ ವಾಸನೆ ಗೊತ್ತಾಗುವುದೇ ನಿಂತುಹೋಗಿರುತ್ತದೆ. ಅದಕ್ಕೆ ಟಿನ್ ಆಕ್ಸೈಡ್ ಸೆನ್ಸರ್ ಮಾಡಲು ಹೊರಟೆ. ಸುಮಾರು 300 ಡಿಗ್ರಿಗೆ ಬಿಸಿ ಮಾಡಿದ ಟಿನ್ ಆಕ್ಸೈಡ್ ಪದರಕ್ಕೆ ಅಮೋನಿಯಾ ತಾಗಿದರೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಆ ಇಳಿತ ಅಳೆಯಲು ಪದರದ ಕೆಳಗೆ ಚಿನ್ನದ ಎಲೆಕ್ಟ್ರೋಡ್ ಬೇಕು. ಎರಡು ಬಾಚಣಿಗೆಗಳ ಹಲ್ಲನ್ನು ಒಂದಕ್ಕೊಂದು ತಾಗದ ಹಾಗೆ ಎದುರುಬದುರು ಕೂರಿಸಿದಂತೆ ಅದರ ಆಕಾರ. ಹಲ್ಲು 10 ಮೈಕ್ರಾನ್, ಸಂದು 10 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು).

ಇದನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮಾಡೋಕಾಗಲ್ಲ. ಮೆಷಿನ್ ತಂದರೂ ಅಷ್ಟಕ್ಕೇ ಮುಗಿಯುವುದಿಲ್ಲ, ಧೂಳಿಲ್ಲದ ಕೋಣೆ, ಅಂದರೆ ಕ್ಲೀನ್‌ರೂಮ್ ಬೇಕು. ಕ್ಲಾಸ್ 100 ಕೋಣೆ ಅಂದರೆ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಧೂಳಿನ ಕಣ 100ಕ್ಕಿಂತ ಜಾಸ್ತಿ ಇರಬಾರದು. ಅದಕ್ಕಾಗಿ ಹಗಲು ರಾತ್ರಿ ಗಾಳಿ ಫಿಲ್ಟರ್ ಆಗುತ್ತಲೇ ಇರಬೇಕು. ಒಳಗೆ ಒಬ್ಬರಿದ್ದರೂ ಐವತ್ತು ಜನರಿದ್ದರೂ ಕರೆಂಟ್ ಬಿಲ್ ಹೆಚ್ಚುಕಡಿಮೆ ಅಷ್ಟೇ, ಹಾಗಾಗಿ ಇಂಥದ್ದನ್ನು ಹತ್ತಾರು ಕಾಲೇಜು ಸೇರಿ ಬಳಸುವುದೇ ಸರಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1977ರಲ್ಲೇ ಹೊರಗಿನವರಿಗೂ ಬಾಗಿಲು ತೆರೆದಿಟ್ಟ ಇಂಥ ಕೇಂದ್ರ ಶುರುವಾಯಿತು, 2015ರಲ್ಲಿ ಆ ದೇಶದಲ್ಲಿ 16 ಕೇಂದ್ರಗಳ ಜಾಲವೇ ಆಯಿತು. ನಮ್ಮಲ್ಲಿ ಬೆಂಗಳೂರಿನ ಐಐಎಸ್‌ಸಿ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್‌ನ ಸೆನ್ಸ್ ಕೇಂದ್ರದ ಕ್ಲೀನ್‌ರೂಮ್ ಇದೆ, ಐಐಟಿ ಬಾಂಬೆಯಲ್ಲೂ ಇದೆ. ಹೊರಗಿನವರಿಗೂ ಇಂಥ ಲ್ಯಾಬ್ ಬಳಸಲು ಬಿಡುವ ಕೇಂದ್ರ ಸರ್ಕಾರದ ಐಎನ್‌ಯುಪಿ ಯೋಜನೆ ಈ ಎರಡು ಕಡೆ ಶುರುವಾಗಿ ಈಗ ದೆಹಲಿ, ಮದ್ರಾಸ್, ಖರಗ್‌ಪುರ, ಗುವಾಹಟಿ ಐಐಟಿಗಳಿಗೂ ಹೋಗಿದೆ. ಮೊದಲು ವರ್ಕ್‌ಶಾಪ್, ಆಮೇಲೆ ಕೈಯಾರೆ ಮಾಡುವ ಟ್ರೈನಿಂಗ್, ಅದಾದ ಮೇಲೆ ಪ್ರಾಜೆಕ್ಟ್. ನಾನು ಬಂದದ್ದೂ ಇದೇ ದಾರಿಯಲ್ಲಿ. ಸಣ್ಣ ಊರಿನ ಕಾಲೇಜಿನ ಮೇಷ್ಟ್ರುಗಳು ದಯವಿಟ್ಟು ಅರ್ಜಿ ಹಾಕಿ, ಸುಮ್ನೆ ನಮಗೆಲ್ಲಿ ಸಿಗುತ್ತೆ ಅಂದುಕೊಂಡು ಕೂರಬೇಡಿ.

ಮೊದಲನೇ ವೇಫರ್

ಹಳದಿ ದೀಪದ ಕೋಣೆ. ವೇಫರ್ ಮೇಲೆ ಬಳಿಯುವ, ಬೆಳಕು ಬಿದ್ದರೆ ಬದಲಾಗುವ ಲೇಪವೇ ಫೋಟೋರೆಸಿಸ್ಟ್. ಫೋಟೋರೆಸಿಸ್ಟ್‌ಗೆ ನೀಲಿ ಬೆಳಕು ಆಗಿಬರುವುದಿಲ್ಲ, ಅದಕ್ಕೆ ಅಲ್ಲಿ ಎಲ್ಲವೂ ಅರಿಶಿನ ಬಣ್ಣ. ತಲೆಯಿಂದ ಪಾದದವರೆಗೆ ಬಿಳಿ ಸೂಟ್, ಎರಡು ಜೊತೆ ಗ್ಲೌಸ್. ನಾನು ಬಳಸಿದ ರೆಸಿಸ್ಟ್ ಎಝೆಡ್ 5214. ನಿಮಿಷಕ್ಕೆ 4000 ಸುತ್ತು ತಿರುಗಿಸಿದರೆ ಸುಮಾರು 1.4 ಮೈಕ್ರಾನ್ ದಪ್ಪ ಕೂರುತ್ತದೆ. ಹಾಟ್‌ಪ್ಲೇಟ್ ಮೇಲೆ 110 ಡಿಗ್ರಿ ಬೇಕ್, ಮಾಸ್ಕ್ ಇಟ್ಟು ಯುವಿ, ಆಮೇಲೆ 120 ಡಿಗ್ರಿಯ ರಿವರ್ಸಲ್ ಬೇಕ್ (ಬೆಳಕು ಬಿದ್ದ ಭಾಗವೇ ಉಳಿಯುವಂತೆ ಮಾಡುವುದು), ಮಾಸ್ಕ್ ಇಲ್ಲದೆ ಇನ್ನೊಮ್ಮೆ ಯುವಿ, ಡೆವಲಪ್ (ಬೇಡದ ರೆಸಿಸ್ಟ್ ತೊಳೆಯುವುದು).

ಇಷ್ಟೆಲ್ಲ ಯಾಕೆ ಅಂದರೆ ರೆಸಿಸ್ಟ್‌ನ ಅಂಚು ಕಿಟಕಿ ಮೇಲಿನ ಸಜ್ಜಾದ ಹಾಗೆ ಮೇಲ್ಗಡೆ ಚಾಚಿರಬೇಕು. ಇದಾದ ಮೇಲೆ ಹಾಕುವ ಚಿನ್ನ ಮೇಲಿನಿಂದ ನೇರವಾಗಿ ಸುರಿಯುತ್ತದೆ, ಸಜ್ಜಾದ ಕೆಳಗೆ ಬೀಳುವುದಿಲ್ಲ. ಆ ಖಾಲಿ ಸಂದಿಯಿಂದ ಅಸಿಟೋನ್ ಒಳಗೆ ನುಗ್ಗಿ ರೆಸಿಸ್ಟ್ ಕರಗಿಸುತ್ತದೆ, ಬೇಡದ ಚಿನ್ನ ಅದರ ಜೊತೆಗೇ ಎದ್ದುಹೋಗುತ್ತದೆ. ಇದಕ್ಕೆ ಲಿಫ್ಟ್-ಆಫ್ ಅನ್ನುತ್ತಾರೆ.

ನನ್ನದು ಏಳಲಿಲ್ಲ. ಅಸಿಟೋನ್‌ನಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಮೈಕ್ರೋಸ್ಕೋಪ್ ಕೆಳಗೆ ನೋಡಿದರೆ ಹಲ್ಲುಗಳ ಅಂಚಿನ ತುಂಬಾ ಹರಿದ ಚಿನ್ನ, ಎಷ್ಟೋ ಕಡೆ ಈ ಹಲ್ಲಿನಿಂದ ಆ ಹಲ್ಲಿಗೆ ಅಂಟಿಕೊಂಡಿದೆ, ಅಂದರೆ ಪೂರ್ತಿ ಶಾರ್ಟ್. ಸಜ್ಜಾ ಬಂದೇ ಇರಲಿಲ್ಲ, ಗೋಡೆಗೆ ಗಾರೆ ಬಳಿದಂತೆ ಚಿನ್ನ ಅಂಚಿಗೆಲ್ಲ ಮೆತ್ತಿಕೊಂಡಿತ್ತು. ತುಂಬಾ ಬೇಜಾರಾಯಿತು.

ಅಲ್ಲಿನ ಟೆಕ್ನಾಲಜಿಸ್ಟ್ ಮೇಡಂ ಚಿತ್ರ ನೋಡಿ ಒಂದೇ ಪ್ರಶ್ನೆ ಕೇಳಿದರು. “110ರಿಂದ 120ಕ್ಕೆ ಏರಿಸಿದ ಮೇಲೆ ಎಷ್ಟು ಹೊತ್ತು ಬಿಟ್ಟಿದ್ರಿ?” ನಾನು ಬಿಟ್ಟೇ ಇರಲಿಲ್ಲ. ಡಿಸ್‌ಪ್ಲೇನಲ್ಲಿ 120 ಕಂಡ ಕೂಡಲೇ ವೇಫರ್ ಇಟ್ಟಿದ್ದೆ. ಈ ರೆಸಿಸ್ಟ್‌ಗೆ ಆ ಬೇಕ್ ಒಂದು ಡಿಗ್ರಿ ಹೆಚ್ಚುಕಡಿಮೆಯಾದರೂ ವ್ಯತ್ಯಾಸ ಆಗುತ್ತದೆ, ಪ್ಲೇಟಿನ ಮೇಲ್ಮೈ ಡಿಸ್‌ಪ್ಲೇಗಿಂತ ಹಿಂದೆ ಇರುತ್ತದೆ.

ಆಮೇಲೆ ಅವರು ಲಾಗ್‌ಬುಕ್ ತೆಗೆದು ಕೆಲವು ಪುಟ ಹಿಂದಕ್ಕೆ ತಿರುವಿದರು. ಯಾರೋ ಪೆನ್ನಿನಲ್ಲಿ ಬರೆದಿದ್ದಾರೆ: ಪ್ಲೇಟ್ 15 ನಿಮಿಷ ನಿಲ್ಲಲಿ, ಇಲ್ಲದಿದ್ದರೆ ಲಿಫ್ಟ್-ಆಫ್ ಆಗಲ್ಲ. ಕೆಳಗೆ ಎರಡು ಗೆರೆ. ಅವರಿಗೂ ಒಂದು ವೇಫರ್ ಹೋಗಿರಬೇಕು. ಯಾವ ಕಾಲೇಜು, ಯಾವ ಪ್ರಾಜೆಕ್ಟ್ ಗೊತ್ತಿಲ್ಲ, ಆದರೆ ನನಗಾಗಿಯೇ ಬರೆದಿಟ್ಟ ಹಾಗಿತ್ತು. ಮೆಷಿನ್ ಹಂಚಿಕೊಳ್ಳುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅಲ್ಲಿ ಹಂಚಿಕೊಳ್ಳುವ ದೊಡ್ಡ ವಸ್ತು ಆ ಪುಸ್ತಕ, ಮತ್ತೆ ಅದರ ಯಾವ ಪುಟದಲ್ಲಿ ಏನಿದೆ ಅಂತ ತಿಳಿದಿರುವ ಜನ.

ಎರಡನೇ ವೇಫರ್

20 ನಿಮಿಷ ಕಾದೆ. ಚಿನ್ನ ಅಂಟಿಕೊಳ್ಳಲು ಕೆಳಗೆ ಟೈಟಾನಿಯಂ 10 ನ್ಯಾನೋಮೀಟರ್, ಮೇಲೆ ಚಿನ್ನ 100. ಅಸಿಟೋನ್‌ಗೆ ಹಾಕಿ ಸ್ವಲ್ಪ ಹೊತ್ತಿಗೇ ಚಿನ್ನದ ಹಾಳೆ ಸುಕ್ಕುಗಟ್ಟಿತು, ಹಾಲಿನ ಕೆನೆಯ ಹಾಗೆ ತೇಲಿಕೊಂಡು ಬಂತು. ಕೆಳಗೆ ಸಾಲು ಸಾಲು ಬಾಚಣಿಗೆ. ಒಂದೇ ವೇಫರ್‌ನಲ್ಲಿ 5 ಮಿಲಿಮೀಟರ್ ಚದರದ 200ಕ್ಕೂ ಹೆಚ್ಚು ಚಿಪ್. ಸೂಜಿ ತಾಗಿಸಿ ಪರೀಕ್ಷಿಸುವ ಪ್ರೋಬ್ ಸ್ಟೇಷನ್‌ನಲ್ಲಿ 40 ನೋಡಿದೆ, 36ರಲ್ಲಿ ಶಾರ್ಟ್ ಇಲ್ಲ.

ಒಂದು ನಿಯಮದ ಬಗ್ಗೆ ಹೇಳಲೇಬೇಕು. ಚಿನ್ನ ಹಾಕಿದ ವೇಫರ್ ಅಲ್ಲಿನ ಸ್ವಚ್ಛ ಫರ್ನೇಸ್‌ಗಳ ಹತ್ತಿರವೂ ಹೋಗುವಂತಿಲ್ಲ. ಬಿಸಿಯಲ್ಲಿ ಚಿನ್ನ ಸಿಲಿಕಾನ್ ಒಳಗೆ ಬೇಗ ಹರಡುತ್ತದೆ, ಟ್ರಾನ್ಸಿಸ್ಟರ್ ಮಾಡುವವರಿಗೆ ಅದು ವಿಷ. ಒಮ್ಮೆ ಫರ್ನೇಸ್ ಟ್ಯೂಬಿಗೆ ತಗುಲಿದರೆ ಮುಂದೆ ಬರುವ ಎಲ್ಲರ ವೇಫರ್‌ಗೂ ಅಂಟುತ್ತದೆ. ಹಾಗಾಗಿ ನನ್ನ ಟಿನ್ ಆಕ್ಸೈಡ್ ಅನೀಲಿಂಗ್ (ಬಿಸಿ ಮಾಡಿ ಹದಗೊಳಿಸುವುದು) ಲೋಹದ ಸ್ಯಾಂಪಲ್‌ಗಳಿಗೇ ಇಟ್ಟ ಬೇರೆ ಫರ್ನೇಸ್‌ನಲ್ಲಿ ಆಗಬೇಕು. ಊರ ಬಾವಿಗೆ ಎಲ್ಲರೂ ತೊಳೆದ ಕೊಡವನ್ನೇ ಇಳಿಸಬೇಕು ಅಂದಂತೆ. ನಾಳೆ ಚಿಪ್ ಫ್ಯಾಬ್‌ಗಳಿಗೆ ಕೆಲಸಕ್ಕೆ ಹೋಗುವ ಹುಡುಗರು ಈ ಶಿಸ್ತನ್ನು ಕಾರ್ಖಾನೆಗೆ ಹೋಗುವ ಮೊದಲೇ ಇಲ್ಲಿ ಕಲಿತುಕೊಳ್ಳಬಹುದು.

ಮುಂದಿನ ಕೆಲಸ: ಟಿನ್ ಆಕ್ಸೈಡ್ ಸ್ಪಟರ್ (ತೆಳು ಪದರ ಕೂರಿಸುವುದು), ಅನೀಲ್, ಡೈಸಿಂಗ್ (ಒಂದೊಂದೇ ಚಿಪ್ ಆಗಿ ಕತ್ತರಿಸುವುದು). ದಿನಗಟ್ಟಲೆ ಬಿಸಿಯಲ್ಲಿರುವ ಸೆನ್ಸರ್‌ಗೆ ಚಿನ್ನಕ್ಕಿಂತ ಪ್ಲಾಟಿನಂ ವಾಸಿ ಅಂತ ಮೇಡಂ ಹೇಳಿದ್ದಾರೆ, ಮೂರನೇ ವೇಫರ್ ಅದರಲ್ಲಿ. ಅಲ್ಲಿಯವರೆಗೆ ಎರಡನೆಯದು ಅಲ್ಲೇ ಡ್ರೈ ಕ್ಯಾಬಿನೆಟ್‌ನಲ್ಲಿದೆ. ಹೊರಡುವ ಮೊದಲು ಲಾಗ್‌ಬುಕ್‌ನಲ್ಲಿ ನಾನೂ ಬರೆದು ಬಂದೆ: 15 ಸಾಕು, 20 ಇನ್ನೂ ಒಳ್ಳೆಯದು.