ಗೋಣಿಚೀಲದ ಬಂಡೆಗಳು

1996ರಲ್ಲಿ ನಾನು ಬೆಂಗಳೂರಿನ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿದ್ದೆ. ಕನ್ನಡ ನಾಡು ಒಂದಾಗಿ 40 ವರ್ಷ ತುಂಬುವ ಆ ನವೆಂಬರ್ 1ರಂದು ಮೂರನೆಯ ತರಗತಿಯ ಮಕ್ಕಳಿಂದ ಒನಕೆ ಓಬವ್ವನ ನಾಟಕ ಆಡಿಸುವುದೆಂದು ತೀರ್ಮಾನವಾದಾಗ, ವೇಷಭೂಷಣದ ಹೊಣೆ ನಮ್ಮ ಹೊಲಿಗೆ ಮೇಡಂ ಅವರಿಗೂ ಅವರ ಸಹಾಯಕ್ಕೆ ನಿಂತ ನಮ್ಮ ಐವರಿಗೂ ಬಂತು. ಹಿಂದಿನ ವರ್ಷ ವೇಷಗಳನ್ನು ಬಾಡಿಗೆಗೆ ತಂದಿದ್ದರು. ದೊಡ್ಡವರ ಅಳತೆಯ ಜರತಾರಿ ಅಂಗಿ ಕಾಲಿಗೆ ತೊಡರಿ, ರಾಜನ ಪಾತ್ರದ ಹುಡುಗ ರಂಗದ ಮೆಟ್ಟಿಲಲ್ಲೇ ಬಿದ್ದು, ಮಾತೆಲ್ಲ ಮರೆತು ಅತ್ತುಬಿಟ್ಟಿದ್ದ. ಅದನ್ನು ಕಂಡಿದ್ದ ಮೇಡಂ, ಹಾಕಿಕೊಳ್ಳುವವರ ಕೈ ತಾಗದ ವೇಷ ಈ ಸಲ ಬೇಡವೆಂದು ಮೊದಲ ದಿನವೇ ಹೇಳಿದರು.

ಹಣ ಕೊಟ್ಟು ತಂದದ್ದು ಸುಲ್ತಾನ್‌ಪೇಟೆಯಿಂದ ಒಂದಿಷ್ಟು ಕಂದು ಕಾಗದ, ಬಣ್ಣದ ಹಾಳೆ, ಬೇಗಡೆ ಮಾತ್ರ. ಉಳಿದದ್ದೆಲ್ಲ ಮನೆಗಳಿಂದಲೇ ಬಂತು: ಅಮ್ಮಂದಿರ ಹಳೆಯ ನೂಲಿನ ಸೀರೆ, ಅಜ್ಜಂದಿರ ಪಂಚೆ, ದಿನಸಿ ಅಂಗಡಿಯ ರಟ್ಟಿನ ಪೆಟ್ಟಿಗೆ, ಗೋಣಿಚೀಲ.

ಒನಕೆ ಮಾಡಿದ ಬಗೆ ನನಗೆ ಇಂದಿಗೂ ಕೈಯಲ್ಲಿದೆ. ಹಳೆಯ ಪತ್ರಿಕೆಯ ಹಾಳೆಗಳನ್ನು ಒಂದರ ತುದಿ ಇನ್ನೊಂದರೊಳಗೆ ಬರುವಂತೆ ಬಿಗಿಯಾಗಿ ಸುರುಳಿ ಸುತ್ತಿ, ನಡುವೆ ಹಿಡಿಗೆ ಸಿಗುವಷ್ಟು ಸಣ್ಣಗೆ ಉಳಿಸಿ, ಎರಡೂ ಕಡೆ ಇನ್ನಷ್ಟು ಕಾಗದ ಸುತ್ತಿ ದಪ್ಪ ಮಾಡಿದೆವು. ಓಬವ್ವನಾಗಲಿದ್ದ ಹುಡುಗಿ ತನ್ನ ಅಜ್ಜಿಯ ಮನೆಯ ಒನಕೆಯ ತುದಿಯಲ್ಲಿ ಕಬ್ಬಿಣದ ಬಳೆಯಿದೆ ಎಂದು ಪಟ್ಟು ಹಿಡಿದಳು. ಅದಕ್ಕೆ ಅಣಸು ಎನ್ನುತ್ತಾರೆಂದು ಮೇಡಂ ಹೇಳಿಕೊಟ್ಟರು. ಅವಳೇ ಕುಳಿತು ಬೆಳ್ಳಿ ಬಣ್ಣದ ಬೇಗಡೆಯನ್ನು ಸುಕ್ಕಿಲ್ಲದಂತೆ ಉಗುರಿನಿಂದ ತೀಡಿ ಅಂಟಿಸಿದಳು. ಮರುದಿನದಿಂದ ಆ ಒನಕೆಯನ್ನು ಅವಳು ಬೇರೆ ಯಾರ ಕೈಗೂ ಕೊಡಲಿಲ್ಲ.

ಸೈನಿಕರ ತಲೆಪಟ್ಟಿಗೆ ಪ್ರತಿ ಮಗುವಿನ ತಲೆಯ ಸುತ್ತಳತೆಯನ್ನು ಹುರಿದಾರದಿಂದ ತೆಗೆದು, ಅಂಟಿಸಲು ಎರಡು ಬೆರಳು ಹೆಚ್ಚು ಬಿಟ್ಟು ರಟ್ಟು ಕತ್ತರಿಸಿದೆವು. ರಟ್ಟಿನೊಳಗಿನ ಏರಿಳಿತದ ಗೆರೆಗಳು ನೆಟ್ಟಗೆ ನಿಲ್ಲುವಂತೆ ಕತ್ತರಿಸಿದರೆ ಪಟ್ಟಿ ದುಂಡಗೆ ಬಾಗುತ್ತದೆ, ಅಡ್ಡ ಮಲಗಿದರೆ ಅಲ್ಲಲ್ಲಿ ಮುರಿಯುತ್ತದೆ ಎಂಬುದನ್ನು ನಾಲ್ಕು ಪಟ್ಟಿ ಹಾಳಾದ ಮೇಲೆ ಮಕ್ಕಳೇ ಕಂಡುಕೊಂಡರು. ಸ್ಟೇಪ್ಲರ್ ಪಿನ್ನಿನ ಚೂಪು ಹೊರಗೆ ಬರಬೇಕು, ಅದರ ಮೇಲೆ ಬಟ್ಟೆಯ ತುಂಡು ಅಂಟಿಸಬೇಕು. ಮೈದಾ ಅಂಟಿಗೆ ಹುಳು ಬೀಳದಿರಲೆಂದು ಮೈಲುತುತ್ತ ಬೆರೆಸುವುದುಂಟು, ಅದು ವಿಷ. ಆದ್ದರಿಂದ ಮೇಡಂ ಅದನ್ನು ಸೇರಿಸಗೊಡದೆ ದಿನವೂ ಹೊಸ ಅಂಟು ಕಾಯಿಸಿದರು.

ಕೋಟೆಯ ಕಿಂಡಿಯೇ ದೊಡ್ಡ ಚಿಂತೆಯಾಗಿತ್ತು. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿ ಬರುವ ಆ ಸಂದಿಯಿಲ್ಲದೆ ಚಿತ್ರದುರ್ಗದ ಕಥೆಯೇ ಇಲ್ಲ. ಪರದೆ ಬರೆಸಲು ದುಡ್ಡಿರಲಿಲ್ಲವಾದ್ದರಿಂದ ಇಬ್ಬರು ಮಕ್ಕಳೇ ಬಂಡೆಗಳಾಗಿ ನಿಲ್ಲಲಿ, ಅವರ ನಡುವಿನ ಜಾಗವೇ ಕಿಂಡಿಯಾಗಲಿ ಎಂದಾಯಿತು. ಆ ಇಬ್ಬರಲ್ಲಿ ಒಬ್ಬ, ತನಗೆ ಮಾತೂ ಇಲ್ಲ, ಕತ್ತಿಯೂ ಇಲ್ಲವೆಂದು ಬಿಕ್ಕಿ ಬಿಕ್ಕಿ ಅತ್ತ. ಮೇಡಂ ಅವನನ್ನು ಲಾಲ್‌ಬಾಗಿನ ಬಂಡೆಯ ಬಳಿಗೆ ಕರೆದೊಯ್ದು, ಅದರ ಮೈಯನ್ನು ಸವರಿ ನೋಡೆಂದರು. ಹಿಂತಿರುಗಿದವನು ಕಂದು ಕಾಗದವನ್ನು ಉಂಡೆಕಟ್ಟಿ, ಬಿಡಿಸಿ, ಮತ್ತೆ ಮುದುಡಿ ಗೋಣಿಗೆ ಅಂಟಿಸುವುದಕ್ಕೆ ಕುಳಿತ. ಬಂಡೆಯ ಮೇಲೆ ನೀರು ಹರಿದ ಕಪ್ಪು ಗೆರೆಗಳೂ ಇರಬೇಕೆಂದು ಅವನೇ ಹೇಳಿದ. ಶಾಲೆಯ ಗೇಟಿನ ಪಕ್ಕದ ಇಸ್ತ್ರಿ ಗಾಡಿಯವರು ಕೊಟ್ಟ ಇದ್ದಿಲನ್ನು ಪುಡಿಮಾಡಿ, ಬೆರಳಿನಿಂದ ಆ ಗೆರೆಗಳನ್ನು ಎಳೆದ.

ಅಕ್ಟೋಬರ್ ಕೊನೆಯ ವಾರ ಹಿಂಗಾರಿನ ಜಡಿಮಳೆ ಹಿಡಿಯಿತು. ಅಂಟು ಒಣಗಲೊಲ್ಲದು, ಕಾಗದ ಗೋಣಿಯಿಂದ ಜಾರತೊಡಗಿತು. ಅದೇ ಇಸ್ತ್ರಿಯವರು ಸಂಜೆ ಕೆಲಸ ಮುಗಿಸಿದ ಮೇಲೆ, ಪೆಟ್ಟಿಗೆಯಲ್ಲಿ ಉಳಿದ ಕೆಂಡದ ಬಿಸಿಯಲ್ಲಿ, ಹಳೆಯ ಪಂಚೆಯ ತುಂಡು ಹೊದಿಸಿ ತಲೆಪಟ್ಟಿಗಳನ್ನೂ ಬಂಡೆಗಳನ್ನೂ ಒಂದೊಂದಾಗಿ ಒಣಗಿಸಿಕೊಟ್ಟರು. ಅವರು ಹಣ ತೆಗೆದುಕೊಳ್ಳಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತು ನಾಟಕ ನೋಡಿದರು.

ನಾಟಕದಲ್ಲಿ ಯಾರೂ ಎಡವಲಿಲ್ಲ. ಕಚ್ಚೆ ಹಾಕಿದ ಸೀರೆಯಲ್ಲಿ ಓಬವ್ವ ಓಡಿದಳು, ಬಗ್ಗಿದಳು, ಒನಕೆ ಎತ್ತಿದಳು. ಬಂಡೆಯಾದ ಹುಡುಗ ಉಸಿರು ಬಿಗಿಹಿಡಿದು ಒಂದಿಷ್ಟೂ ಅಲುಗದೆ ನಿಂತಿದ್ದನ್ನು ನಾನು ಪಕ್ಕದ ಪರದೆಯ ಸಂದಿನಿಂದ ಕಣ್ತುಂಬ ನೋಡಿದೆ.

ಅಂದು ಸಂಜೆ ಅವನು ಬಂಡೆಯನ್ನು ಕಳಚಲು ಒಪ್ಪಲಿಲ್ಲ. ನಗರ ಸಾರಿಗೆಯ ಬಿಟಿಎಸ್ ಬಸ್ಸಿನಲ್ಲಿ ಅಮ್ಮನ ಕೈ ಹಿಡಿದು, ಮಡಿಕೆ ಬಿದ್ದರೆ ಕಾಗದ ಕಿತ್ತುಹೋಗುತ್ತದೆಂದು, ಖಾಲಿ ಸೀಟಿದ್ದರೂ ಕೂರದೆ, ಮನೆಯವರೆಗೂ ನಿಂತೇ ಹೋದ.